ಸಾವಿರ ಸುಳ್ಳಲ್ಲಿ ನನ್ನದೊಂದು

ಎಲ್ರಿಗೂ ನಮಸ್ಕಾರ. ನಾನು ದಾವಣಗೆರೆಯವಳು, ನಿಟ್ಟುವಳ್ಳಿ ಕಡೆ ಮನೆ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತ ಗಾದೆ ಇದೆಯಲ್ಲ, ನೀವೂ ಕೇಳಿರ್ತೀರಿ, ಯಾವಾಗಾದ್ರೂ ಹೇಳಿಯೂ ಇರ್ತೀರಿ. ಆ ಸಾವಿರದಲ್ಲಿ ಒಂದು ಸುಳ್ಳು ನಂದು, ಅದರ ಕಥೆ ಹೇಳೋಕೆ ಬಂದಿದೀನಿ. ನನ್ನ ತಮ್ಮನ್ನೂ ಅವನ ಹೆಂಡ್ತೀನೂ ಕೇಳಿ, ಇಬ್ರೂ ಹೂಂ ಹೇಳು ಅಂದ ಮೇಲೇನೇ ಈ ಮೈಕ್ ಮುಂದೆ ಕೂತಿರೋದು.

ತಮ್ಮನಿಗೆ ಪಿಯುಸಿ ಓದುವಾಗಿಂದ ಫಿಟ್ಸ್ ಇತ್ತು, ಮೂರ್ಛೆರೋಗ ಅಂತೀವಲ್ಲ ಅದು. ದಿನಕ್ಕೆರಡು ಮಾತ್ರೆ, ಬೆಳಿಗ್ಗೆ ಒಂದು ರಾತ್ರಿ ಒಂದು, ಅಷ್ಟೇ. ಮದುವೆಗೆ ನೋಡೋ ಹೊತ್ತಿಗೆ ಮೂರು ವರ್ಷದಿಂದ ಒಂದ್ಸಲಾನೂ ಬಂದಿರ್ಲಿಲ್ಲ. ಸರಿಯಾದ ಚಿಕಿತ್ಸೆ ಸಿಕ್ಕರೆ ಈ ಕಾಯಿಲೆ ಇರೋ 10 ಜನರಲ್ಲಿ 7 ಜನ ಫಿಟ್ಸ್ ಇಲ್ಲದೇ ಬದುಕಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ, ನಮ್ಮ ಹುಡುಗ ಆ 7 ರಲ್ಲಿ ಒಬ್ಬ. ಇದನ್ನ ಹಿಂಗೇ ಎದುರು ಕೂತು ಹೇಳಿದ್ರೆ ಮುಗಿದು ಹೋಗ್ತಿತ್ತು.

ಹೆಣ್ಣು ನೋಡೋಕೆ ಚಿತ್ರದುರ್ಗಕ್ಕೆ ಹೊರಟ್ವಿ, ಒಂದು ಕ್ರೂಸರ್ ತುಂಬಾ ಜನ. ದಾರೀಲೇ ದೊಡ್ಡಪ್ಪ ಎಲ್ರಿಗೂ ತಾಕೀತು ಮಾಡಿದ್ರು, "ಆ ವಿಷ್ಯ ಯಾರೂ ಬಾಯಿ ಬಿಡಂಗಿಲ್ಲ, ಮದ್ವಿ ಆತಂದ್ರೆ ಅದೆಲ್ಲಾ ತಾನೇ ಸರಿ ಹೋಗ್ತತಿ." ಮದುವೆ ಆದ್ರೆ ಫಿಟ್ಸ್ ಹೋಗುತ್ತೆ ಅಂತ ನಮ್ಮ ಜನ ಇವತ್ತಿಗೂ ನಂಬ್ತಾರೆ, ಹೋಗಲ್ಲ, ದಯವಿಟ್ಟು ನಂಬಬೇಡಿ. ತಮ್ಮ ಕಿಟಕಿ ಕಡೆ ಮುಖ ಮಾಡ್ಕೊಂಡು ಕೂತಿದ್ದ. ಕೋಟೆ ಬೆಟ್ಟ ಕಾಣೋವರೆಗೂ ಒಂದು ಮಾತಾಡ್ಲಿಲ್ಲ.

ಉಪ್ಪಿಟ್ಟು ಕೇಸರಿಬಾತ್ ಆಯ್ತು, ಗಂಡಸರು ಜಮೀನು ಕೊಳವೆಬಾವಿ ಮಾತಿಗೆ ಬಿದ್ರು, ಆಗ ಹುಡುಗಿ ತಾಯಿ ನನ್ನ ಕೈ ಹಿಡ್ಕೊಂಡು ಅಡುಗೆಮನೆಗೆ ಕರ್ಕೊಂಡು ಹೋದ್ರು, ಬಾಗಿಲು ಸ್ವಲ್ಪ ಮುಂದೆ ಮಾಡಿ, "ನೀನೂ ಹೆಣ್ಣು ಹೆತ್ತಾಕಿ, ನಿನ್ನ ಕೇಳ್ತೀನಿ, ಹುಡುಗನಿಗೆ ಮೈಯಾಗ ಏನರ ತೊಂದ್ರೆ ಐತೇನವ್ವ?" ಅಂದ್ರು. ನನ್ನ ಮಗಳಿಗೆ ಆಗ ಹನ್ನೆರಡು, ಹೊರಗೆ ಹಾಲ್‌ನಲ್ಲಿ ಆಡ್ಕೊಂಡಿದ್ಲು. ನಾನಂದೆ, "ಅವನಿಗೆ ಜ್ವರ ಬಂದಿದ್ದೂ ನಾನು ನೋಡಿಲ್ಲ ಅಮ್ಮ." ಆ ತಾಯಿ ಮುಖದಲ್ಲಿ ಅದೆಷ್ಟು ಸಮಾಧಾನ ಬಂತು ಅಂದ್ರೆ ಇವತ್ತಿಗೂ ಕಣ್ಮುಂದೆ ಇದೆ.

ಸಾರಿಗೆ ಉಪ್ಪು ಹೆಚ್ಚಾದ್ರೂ ಚೆನ್ನಾಗಿದೆ ಅಂತ ಉಣ್ಣೋದು, ಸೀರೆ ರೇಟು ಕಮ್ಮಿ ಹೇಳೋದು, ಇವೆಲ್ಲಾ ಇರ್ಲಿ ಬಿಡಿ, ಅವುಗಳ ಬಗ್ಗೆ ನನಗೆ ತಕರಾರಿಲ್ಲ. ಆದ್ರೆ ಇನ್ನೊಬ್ಬರು ತಮ್ಮ ಬದುಕಿನ ಬಗ್ಗೆ ತಾವೇ ತೀರ್ಮಾನ ಮಾಡೋಕೆ ಕೂತಿರ್ತಾರಲ್ಲ, ಆ ಹೊತ್ತಲ್ಲಿ ಹೇಳೋ ಸುಳ್ಳಿದೆಯಲ್ಲ, ಅದು ಅವರ ಕೈಯಲ್ಲಿದ್ದದ್ದನ್ನ ಕಿತ್ಕೊಂಡ ಹಾಗೆ. ನಾನು ಕಿತ್ಕೊಂಡೆ.

ಸುಳ್ಳು ಹೇಳಿದ್ದು ನಾವು, ದಿನಾ ಹೊತ್ತಿದ್ದು ತಮ್ಮ. ಮಾತ್ರೆ ಸ್ಟ್ರಿಪ್ಪನ್ನ ಗಾಡಿ ಡಿಕ್ಕಿಯಲ್ಲಿ ಇಡ್ತಿದ್ದ, ರಾತ್ರಿ ಮಾತ್ರೆನ ಬಚ್ಚಲಮನೆಯಲ್ಲಿ ನುಂಗಿ ಬರ್ತಿದ್ದ, ಹೆಂಡ್ತಿ ಪಕ್ಕದಲ್ಲೇ ಇದ್ದ ದಿನ ಬಿಟ್ಟೇ ಬಿಡ್ತಿದ್ದ. ಮಾತ್ರೆ ತಪ್ಪಿದ್ರೆ, ನಿದ್ದೆಗೆಟ್ರೆ ಫಿಟ್ಸ್ ವಾಪಸ್ ಬರೋ ಸಾಧ್ಯತೆ ಜಾಸ್ತಿ ಅಂತ ಡಾಕ್ಟ್ರು ಮೊದಲಿಂದ ಹೇಳ್ಕೊಂಡೇ ಬಂದಿದ್ರು. ದುಗ್ಗಮ್ಮನ ಜಾತ್ರೆ ಬಂತು, ಮನೆ ತುಂಬಾ ನೆಂಟರು, ಎರಡು ರಾತ್ರಿ ಯಾರೂ ಮಲಗಲಿಲ್ಲ, ಮೂರನೇ ದಿನ ಬೆಳಗಿನ ಜಾವ ರೂಮಲ್ಲಿ ಬಿದ್ದ. ಮದುವೆಯಾಗಿ ಐದು ತಿಂಗಳ ಹುಡುಗಿ, ಒಬ್ಬಳೇ, ಏನಾಗ್ತಿದೆ ಅಂತಾನೇ ಗೊತ್ತಿಲ್ಲ. ಎಲ್ಲೋ ಕೇಳಿದ್ದು ನೆನಪಾಗಿ ಬೀರು ಕೀ ಗೊಂಚಲು ಕೈಗೆ ಹಿಡಿಸಿದ್ಲು, ಹಲ್ಲಿನ ಮಧ್ಯೆ ಚಮಚ ತುರುಕಿದ್ಲು, ಮುಂದಿನ ಹಲ್ಲು ಮುರಿದು ರಕ್ತ ಬಂತು, ಅದನ್ನ ನೋಡಿ ಗಂಡ ಸತ್ತೇ ಹೋದ ಅಂತ ಅಂದ್ಕೊಂಡ್ಲಂತೆ.

ಕಬ್ಬಿಣ ಹಿಡಿಸೋದರಿಂದ ಏನೂ ಆಗಲ್ಲ, ಬಾಯಿಗಂತೂ ಏನನ್ನೂ ಹಾಕ್ಲೇಬಾರದು. ಮಗ್ಗುಲಿಗೆ ಹೊರಳಿಸಿ ಮಲಗಿಸ್ಬೇಕು, ಅದುಮಿ ಹಿಡೀಬಾರದು, ತಲೆ ಕೆಳಗೆ ಮೆತ್ತಗಿರೋದು ಏನಾದ್ರೂ ಇಡ್ಬೇಕು, ಗಡಿಯಾರ ನೋಡ್ಬೇಕು, 5 ನಿಮಿಷ ದಾಟಿದ್ರೆ 108 ಕ್ಕೆ ಫೋನ್ ಮಾಡ್ಬೇಕು. ಇಷ್ಟನ್ನ ನಾನು ಅವಳಿಗೆ ಮದುವೆಗೆ ಮೊದಲೇ ಹೇಳಿಕೊಡಬಹುದಿತ್ತು, ಎರಡು ನಿಮಿಷದ ಮಾತು.

ಅವಳ ತಂದೆ ಬಂದು ಕರ್ಕೊಂಡು ಹೋದ್ರು, ವಕೀಲರ ಹತ್ರಾನೂ ಹೋದ್ರು. ಆಗಲೇ ನಮಗೆ ಗೊತ್ತಾಗಿದ್ದು. 1955 ರ ಹಿಂದೂ ವಿವಾಹ ಕಾಯ್ದೆಯಲ್ಲಿ ಮೊದಲು ಮೂರ್ಛೆರೋಗನೂ ಮದುವೆಗೆ ಅಡ್ಡಿ ಅಂತ ಇತ್ತಂತೆ, 1999 ರಲ್ಲಿ ತಿದ್ದುಪಡಿ ಮಾಡಿ ಆ ಪದಾನೇ ತೆಗೆದು ಹಾಕಿದಾರೆ. ಆದ್ರೆ ಅದೇ ಕಾಯ್ದೆಯ 12 ನೇ ಸೆಕ್ಷನ್ ಪ್ರಕಾರ ಮುಖ್ಯವಾದ ಸಂಗತಿ ಮುಚ್ಚಿಟ್ಟು ಮೋಸದಿಂದ ಒಪ್ಪಿಗೆ ತಗೊಂಡಿದ್ರೆ ಮದುವೆ ರದ್ದು ಮಾಡಿ ಅಂತ ಕೋರ್ಟಿಗೆ ಹೋಗಬಹುದು, ಮೋಸ ಗೊತ್ತಾದ ಒಂದು ವರ್ಷದೊಳಗೆ. ಅಂದ್ರೆ ಕಾಯಿಲೆನ ಕಾನೂನೇ ಕ್ಷಮಿಸಿತ್ತು, ನಾವು ಯಾವುದಕ್ಕೆ ಹೆದರಿ ಸುಳ್ಳು ಹೇಳಿದ್ವೋ ಅದು ಆಗಲೇ ಅಡ್ಡಿಯಾಗಿರ್ಲಿಲ್ಲ, ಅಡ್ಡಿ ತಂದು ಇಟ್ಟಿದ್ದು ನಮ್ಮ ಸುಳ್ಳೇ.

ಅವಳು ಕೇಸ್ ಹಾಕಲಿಲ್ಲ. ನಾಲ್ಕು ತಿಂಗಳಾದ ಮೇಲೆ ತಾನೇ ಬಂದ್ಲು. ಬಂದ ದಿನಾನೇ ಮಾತ್ರೆ ಡಬ್ಬಿ ತಂದು ಅಡುಗೆಮನೆ ಗೂಡಲ್ಲಿ, ಉಪ್ಪಿನ ಭರಣಿ ಪಕ್ಕ, ಎಲ್ರಿಗೂ ಕಾಣೋ ಹಾಗೆ ಇಟ್ಟಳು. ನನ್ನ ಜೊತೆ ಜಗಳ ಆಡ್ಲಿಲ್ಲ, "ಫಿಟ್ಸ್ ಐತಿ ಅಂತ ಹೇಳಿದ್ರೂ ನಾನು ಒಪ್ತಿದ್ನೋ ಏನೋ ಅಕ್ಕ, ಅದು ಈಗ ನನಗೂ ಗೊತ್ತಾಗಂಗಿಲ್ಲ" ಅಂದ್ಲು, ಅಷ್ಟೇ.

ಹನ್ನೊಂದು ವರ್ಷ ಆಯ್ತು. ತಮ್ಮ ಚೆನ್ನಾಗಿದಾನೆ, ಇಬ್ರು ಮಕ್ಕಳು. ಹೋದ ವರ್ಷ ಅವ್ವ ಬಚ್ಚಲಲ್ಲಿ ಜಾರಿ ಬಿದ್ದಾಗ ಗಾಬರಿಯಲ್ಲಿ ಮೊದಲು ಫೋನ್ ಮಾಡಿದ್ದು ಇವಳಿಗೆ, ಸರಿ ಅಕ್ಕ ಹೊರಟೆ ಅಂದ್ಲು, ಆದ್ರೆ ನಾನು ಇಟ್ಟ ಕೂಡಲೇ ತಮ್ಮನಿಗೆ ಫೋನ್ ಹಚ್ಚಿ ನಿಜಾನಾ ಅಂತ ಕೇಳಿ ಆಮೇಲೆ ಹೊರಟಳಂತೆ. ತಪ್ಪು ಅವಳದ್ದಲ್ಲ. ಅವಳ ತಾಯಿಯೂ ಹಬ್ಬಕ್ಕೆ ಹೋದ್ರೆ ಬಾಯ್ತುಂಬಾ ಮಾತಾಡ್ಸ್ತಾರೆ, ಹೋಳಿಗೆ ಬಡಿಸ್ತಾರೆ, ಕೈ ಹಿಡ್ಕೊಂಡು ಒಳಗೆ ಕರ್ಕೊಂಡು ಹೋಗೋದು ಮಾತ್ರ ಇಲ್ಲ.

ಅವತ್ತು ಹಾಲ್‌ನಲ್ಲಿ ಆಡ್ತಿದ್ದ ನನ್ನ ಮಗಳಿಗೆ ಈಗ ಗಂಡು ನೋಡ್ತಿದೀವಿ. ಅವಳಿಗೆ ಥೈರಾಯ್ಡ್ ಇದೆ, ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಮಾತ್ರೆ. ಬಸುರಾದಾಗ ಡೋಸ್ ಜಾಸ್ತಿ ಮಾಡ್ಬೇಕಾಗಬಹುದು, ಟೆಸ್ಟ್ ಮಾಡಿಸ್ತಾ ಇರ್ಬೇಕು, ಹಂಗಾಗಿ ಹೋಗೋ ಮನೆಯವ್ರಿಗೆ ಗೊತ್ತಿರ್ಲೇಬೇಕು. ಇಷ್ಟು ಸಣ್ಣದಕ್ಕೂ ನಮ್ಮ ನೆಂಟರು ಸುಮ್ನಿರು ಅಂತಾರೆ. ನಾನು ಮೊದಲ ಮಾತಲ್ಲೇ ಹೇಳ್ತೀನಿ. ಎರಡು ಮನೆಯವರು ಆಮೇಲೆ ತಿಳಿಸ್ತೀವಿ ಅಂತ ಹೋದವ್ರು ತಿಳಿಸಲೇ ಇಲ್ಲ, ರಾತ್ರಿ ನಿದ್ದೆ ಬರಲ್ಲ ನಿಜ, ಹೆತ್ತ ಕರುಳು.

ಬರೋ ಭಾನುವಾರ ಹರಿಹರದವರು ಬರ್ತಾರೆ. ತಮ್ಮನ ಹೆಂಡ್ತಿ ಶನಿವಾರಾನೇ ಬರ್ತೀನಿ ಅಂದಿದಾಳೆ, ಮಂಡಕ್ಕಿ ಒಗ್ಗರಣೆಗೆ, ಮೆಣಸಿನಕಾಯಿ ಬಜ್ಜಿಗೆ ಕೈ ಹಚ್ಚೋಕೆ. ಲ್ಯಾಬ್ ರಿಪೋರ್ಟ್ ಎಲ್ಲಾ ಒಂದು ಫೈಲಿಗೆ ಹಾಕಿ ಟೀಪಾಯ್ ಮೇಲೆ ಇಟ್ಟಿದೀನಿ. ನಮಸ್ಕಾರ.