ಮೊತ್ತ ಹೇಳಿಬಿಡಿ
(ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ವಾಚನಾಲಯವೊಂದರ ವಾರ್ಷಿಕೋತ್ಸವದಲ್ಲಿ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ಆಮಂತ್ರಣದಲ್ಲಿ ನನ್ನ ವಿಷಯ 'ಉಳಿತಾಯದ ಮಹತ್ವ' ಅಂತ ಅಚ್ಚಾಗಿದೆ. ಉಳಿತಾಯ ಒಳ್ಳೆಯದು ಅಂತ ಇಲ್ಲಿ ಯಾರಿಗೆ ಗೊತ್ತಿಲ್ಲ? ನಾನು ಸಾಲದ ಬಗ್ಗೆ ಮಾತಾಡುತ್ತೇನೆ. ತೀರಿಸುವುದು ಹೇಗೆ ಅಂತ ಅಲ್ಲ, ಸಾಲ ಇದೆ ಅಂತ ಮನೆಯವರಿಗೆ ಹೇಳುವುದು ಹೇಗೆ ಅಂತ.

ಸಹಕಾರಿ ಬ್ಯಾಂಕಿನ ಸಾಲದ ಕೌಂಟರಿನಲ್ಲಿ ಕೂತು ನಿವೃತ್ತನಾದವ ನಾನು. ಅಲ್ಲಿ ದಿನಾ ಕೇಳುತ್ತಿದ್ದ ಮಾತು ಒಂದೇ: "ಮನೆಗೆ ಫೋನ್ ಮಾಡ್ಬೇಡಿ ಸಾರ್." ಕಂತು ತಪ್ಪಿದ್ದಕ್ಕಿಂತ ಹೆಂಡತಿಗೆ ಗೊತ್ತಾದರೆ ಎಂಬ ಹೆದರಿಕೆಯೇ ಜಾಸ್ತಿ.

ನಮ್ಮ ಕಡೆಯ ಅಡಿಕೆ ಕೃಷಿಕರೊಬ್ಬರ ಕಥೆ ಹೇಳುತ್ತೇನೆ. ಹೆಸರು ಬೇಡ, ನೆಂಟರು ಇಲ್ಲೇ ಕೂತಿರಬಹುದು. ಕೊಳೆರೋಗ ಬಂದು ಫಸಲು ಹೋದ ವರ್ಷ ಹೆಂಡತಿಯ ಸರ ಅಡವಿಟ್ಟರು. ಮನೆಯಲ್ಲಿ ಹೇಳಿದ್ದು, "ಲಾಕರಿನಲ್ಲಿ ಇಟ್ಟಿದ್ದೇನೆ, ಕಳ್ಳರ ಕಾಟ." ಒಂದು ಉಪನಯನ ಬಂತು. ಲಾಕರಿನ ಕೀಲಿ ಸಿಗಲಿಲ್ಲ. ಒಂದು ಮದುವೆ ಬಂತು. ಬ್ಯಾಂಕಿಗೆ ರಜೆ. ಭೂತಕೋಲ ಬಂತು. "ಆ ಜನರ ನಡುವೆ ಸರ ಯಾಕೆ ಮಾರಾಯ್ತಿ?" ಪ್ರತಿ ವರ್ಷ ಬಡ್ಡಿ ಕಟ್ಟಿ ಅಡವನ್ನು ಪುನಃ ಬರೆಸಿ ಹೋಗುತ್ತಿದ್ದರು. ರಶೀದಿ ಅಡಗಿಸಿಟ್ಟದ್ದು ಪಂಚಾಂಗದ ನಡುವೆ.

ಆ ಅಮ್ಮನಿಗೆ ಮೊದಲ ವರ್ಷವೇ ಗೊತ್ತಿತ್ತು! ವಿಷುವಿಗೆ ಹೊಸ ಪಂಚಾಂಗ ಬಂದಾಗ ರಶೀದಿಯನ್ನು ಹಳೆಯದರಿಂದ ತೆಗೆದು ಹೊಸದಕ್ಕೆ ಇಡುತ್ತಿದ್ದವರೇ ಅವರು. ತಾನೇ ಇಟ್ಟದ್ದು ಅಂತ ಯಜಮಾನರು ಅಂದುಕೊಂಡಿದ್ದರು. ಗಂಡನ ಕೈಯಲ್ಲಿ ದುಡ್ಡಿಲ್ಲ ಅಂತ ಗೊತ್ತಿದ್ದ ಆಕೆ, ಮಗಳ ಕಾಲೇಜು ಫೀಸಿಗೆ ಕುಟುಂಬಶ್ರೀಯ ಅಯಲ್ಕೂಟದಿಂದ, ಅಂದರೆ ನೆರೆಕರೆಯ ಹೆಂಗಸರ ಉಳಿತಾಯ ಗುಂಪಿನಿಂದ, ಸಾಲ ತೆಗೆದಿದ್ದರು. ಅದು ಇವರಿಗೆ ಗೊತ್ತಿಲ್ಲ. ಒಂದೇ ಮನೆ, ಎರಡು ಗುಟ್ಟು, ಎರಡು ಬಡ್ಡಿ. ನಗಬೇಡಿ, ನಿಮ್ಮ ಪಂಚಾಂಗವನ್ನೂ ಒಮ್ಮೆ ನೋಡಿ.

ಕೊನೆಗೆ ಹರಾಜಿನ ನೋಟೀಸು ಬಂತು, ಮಲಯಾಳದಲ್ಲಿ. ಇಬ್ಬರೂ ಕಲಿತದ್ದು ಕನ್ನಡ ಶಾಲೆಯಲ್ಲಿ. ಅಂಗಡಿಯವರಲ್ಲಿ ಓದಿಸಿದರು. ಸಂಜೆಯೊಳಗೆ ಊರಿಗೆಲ್ಲ ಸುದ್ದಿ. ನೋಟೀಸು ಕನ್ನಡದಲ್ಲಿ ಯಾಕೆ ಬರುವುದಿಲ್ಲ ಎಂಬುದು ಬೇರೆ ಉಪನ್ಯಾಸ, ಅದಕ್ಕೆ ಹೊರಟರೆ ಬೆಳಗಾಗುತ್ತದೆ. ಆದರೆ ಕಾಸರಗೋಡಿನಲ್ಲಿ ಸಾಲ ಗುಟ್ಟಾಗಿ ಉಳಿಯುವುದಿಲ್ಲ. ಮನೆಯವರಿಗೆ ನೀವು ಹೇಳುತ್ತೀರೋ, ಅಂಗಡಿಯವರು ಹೇಳುತ್ತಾರೋ, ಅಷ್ಟೇ.

ಹೇಳುವುದಾದರೆ ಮೊತ್ತ ಹೇಳಿ. "ಸ್ವಲ್ಪ ಕೈ ಬಿಗಿ ಇದೆ" ಅಂದರೆ ಹೇಳಿದ ಹಾಗಾಗಲಿಲ್ಲ. ಒಂದು ಹಾಳೆಯಲ್ಲಿ ಬರೆಯಿರಿ: ಯಾರಿಗೆ, ಎಷ್ಟು, ಬಡ್ಡಿ ಏನು, ಯಾವಾಗಿನಿಂದ ಬಾಕಿ, ಅಡವಿಟ್ಟದ್ದು ಏನು, ಜಾಮೀನು ನಿಂತವರು ಯಾರು. ಕ್ರೆಡಿಟ್ ಕಾರ್ಡಿಗೆ ತಿಂಗಳಿಗೆ ಶೇಕಡಾ 3.5 ಬಡ್ಡಿ ಅಂದರೆ ಸಣ್ಣದು ಅನಿಸುತ್ತದೆ. ವರ್ಷಕ್ಕೆ ಅದು 42. ಜನ ಬ್ಯಾಂಕಿನ ಸಾಲ ಹೇಳುತ್ತಾರೆ, 'ಬ್ಲೇಡಿ'ನವರ, ಅಂದರೆ ಲೈಸೆನ್ಸಿಲ್ಲದೆ ಕತ್ತು ಕೊಯ್ಯುವ ಬಡ್ಡಿಗೆ ದುಡ್ಡು ಕೊಡುವವರ, ಸಾಲ ಮುಚ್ಚಿಡುತ್ತಾರೆ. ಆಮೇಲೆ ಅದು ಹೊರಬಂದರೆ ಮೊದಲು ಹೇಳಿದ್ದನ್ನೂ ಯಾರೂ ನಂಬುವುದಿಲ್ಲ.

2014ರಲ್ಲಿ 'ಆಪರೇಷನ್ ಕುಬೇರ' ಅಂತ ಪೊಲೀಸರು ಈ ಬ್ಲೇಡಿನವರ ಹಿಂದೆ ಬಿದ್ದದ್ದು ನೆನಪಿದೆ ಅಲ್ವಾ? ಈಗ ಬ್ಲೇಡು ಮೊಬೈಲಿನೊಳಗೆ ಬಂದಿದೆ. ಸಾಲದ ಆ್ಯಪ್‌ಗಳು ನಿಮ್ಮ ಫೋನಿನ ಕಾಂಟ್ಯಾಕ್ಟುಗಳನ್ನು ತೆಗೆಯುವಂತಿಲ್ಲ ಅಂತ 2022ರಲ್ಲೇ ರಿಸರ್ವ್ ಬ್ಯಾಂಕಿನ ನಿಯಮ ಬಂತು. ವಸೂಲಿಯವರು ಬೆಳಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಫೋನ್ ಮಾಡುವಂತಿಲ್ಲ. ಕಳ್ಳ ಆ್ಯಪಿನವರಿಗೆ ನಿಯಮ ಯಾವ ಲೆಕ್ಕ? ಅವರ ಆಯುಧ ಒಂದೇ: "ನಿಮ್ಮ ಮನೆಯವರಿಗೆ ಹೇಳ್ತೇವೆ." ಮನೆಯವರಿಗೆ ಮೊತ್ತವೇ ಗೊತ್ತಿದ್ದರೆ ಅವರು ಇನ್ನೇನು ಹೇಳಿಯಾರು?

ಕೇಳುವವರಿಗೂ ಒಂದು ಮಾತು. "ಮೊದಲೇ ಯಾಕೆ ಹೇಳಲಿಲ್ಲ?" ಅಂತ ಶುರು ಮಾಡಬೇಡಿ. ಆ ಪ್ರಶ್ನೆಗೆ ಹೆದರಿಯೇ ಅವರು ಅಷ್ಟು ದಿನ ಸುಮ್ನೆ ಇದ್ದದ್ದು. "ಹಾಳೆ ತನ್ನಿ, ನೋಡುವ" ಅನ್ನಿ. ಬೈಯುವುದಿದ್ದರೆ ಲೆಕ್ಕ ಮುಗಿದ ಮೇಲೆ ಬೈಯಿರಿ, ನಾನು ಅಡ್ಡ ಬರುವುದಿಲ್ಲ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಉಳಿದದ್ದನ್ನು ಓಡಿಸುತ್ತೇನೆ.

ಸ್ನೇಹಿತರು. ಚಿಟ್ಟಿಗೋ ಸಾಲಕ್ಕೋ ಸ್ನೇಹಿತ ಜಾಮೀನು ನಿಂತಿದ್ದರೆ, ಕಂತು ತಪ್ಪಿದ ವಾರವೇ ಅವನಿಗೆ ಫೋನ್ ಮಾಡಿ. 1872ರ ಕರಾರು ಕಾಯಿದೆಯ ಪ್ರಕಾರ ಸಾಲಗಾರನಿಗೆ ಎಷ್ಟು ಹೊಣೆಯೋ ಜಾಮೀನುದಾರನಿಗೂ ಅಷ್ಟೇ. ನೋಟೀಸು ಅವನ ಮನೆಗೂ ಹೋಗುತ್ತದೆ, ಅವನ ಹೆಂಡತಿಗೂ ಗೊತ್ತಿರುವುದಿಲ್ಲ!

ಬ್ಯಾಂಕು. 90 ದಿನ ಬಾಕಿಯಾದರೆ ಖಾತೆ ಎನ್‌ಪಿಎ, ಅಂದರೆ ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲ. ಮನೆ ಅಡಮಾನ ಇದ್ದರೆ 2002ರ ಸರ್ಫೇಸಿ ಕಾಯಿದೆಯಂತೆ 60 ದಿನದ ನೋಟೀಸು; ಕೋರ್ಟಿಗೆ ಹೋಗದೆಯೇ ಅಡಮಾನದ ಆಸ್ತಿಯನ್ನು ವಶಪಡಿಸಿಕೊಳ್ಳಲು ಬ್ಯಾಂಕಿಗೆ ಅಧಿಕಾರ ಕೊಡುವ ಕಾಯಿದೆ ಅದು. ಕೃಷಿಭೂಮಿಗೆ ಆ ಕಾಯಿದೆ ಇಲ್ಲ, ಮನೆಗೆ ಇದೆ. ಮೊದಲ ಕಂತು ತಪ್ಪಿದಾಗಲೇ ಮನೆಯವರನ್ನು ಕರೆದುಕೊಂಡು ಮ್ಯಾನೇಜರರ ಹತ್ತಿರ ಹೋದರೆ ಮಾತಿಗೆ ಜಾಗ ಇರುತ್ತದೆ.

ಅಪ್ಪ ತೀರಿಕೊಂಡರೆ ಅವರ ಸಾಲಕ್ಕೆ ಮಕ್ಕಳು ಹೊಣೆಯೇ ಅಂತ ಕೇಳುತ್ತಾರೆ. ಮಕ್ಕಳು ಸಹಿ ಹಾಕಿರದಿದ್ದರೆ, ಅಪ್ಪನಿಂದ ಬಂದ ಆಸ್ತಿಯ ಮಟ್ಟಿಗೆ ಮಾತ್ರ.

ಮನೆಯಲ್ಲಿ ಬಾಯಿ ಬಿಡಲು ಆಗುವುದೇ ಇಲ್ಲ, ಜೀವವೇ ಬೇಡ ಅನಿಸುತ್ತಿದೆ ಎಂದಾದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ; ದುಡ್ಡು ಕೊಡಬೇಕಾಗಿಲ್ಲ, ರಾತ್ರಿಯೂ ಎತ್ತುತ್ತಾರೆ.

ಪ್ರಶ್ನೆ ಇದ್ದರೆ ಕೇಳಿ ಅನ್ನಬೇಕು. ಆದರೆ ಸಾಲದ ಪ್ರಶ್ನೆಯನ್ನು ಮೈಕಿನಲ್ಲಿ ಯಾರೂ ಕೇಳುವುದಿಲ್ಲ. ಚಹಾ ಆಗುವವರೆಗೆ ಹಿಂದಿನ ಜಗಲಿಯಲ್ಲಿ ಇರುತ್ತೇನೆ, ಒಬ್ಬೊಬ್ಬರೇ ಬನ್ನಿ.