ಮಾರ್ಗಿಟ್ ಎದುರು ನಿಮ್ಮ ಕೈ ಜಾಸ್ತಿ ಫಾಸ್ಟ್ ಆಯ್ತು

ಎಲ್ಡನ್ ರಿಂಗ್ ವಿಡಿಯೋ ಗೇಮ್ 2022ರ ಫೆಬ್ರವರಿಯಲ್ಲಿ ಬಂತು. ಇವತ್ತಿಗೂ ಹೊಸದಾಗಿ ಶುರು ಮಾಡಿದವರು ಸ್ಟಾರ್ಮ್‌ವೇಲ್ ಕೋಟೆಯ ಬಾಗಿಲಲ್ಲೇ ಮಾರ್ಗಿಟ್ ಅನ್ನುವ ದೊಡ್ಡ ಶತ್ರುವಿನ ಕೈಯಲ್ಲಿ ಸತ್ತು ಸತ್ತು ಸುಸ್ತಾಗುತ್ತಿದ್ದಾರೆ. ನಿಮ್ಮ ಕೈ ಸ್ಲೋ, ಅದಕ್ಕೇ ಸೋಲ್ತೀರಿ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನಿಮ್ಮ ಕೈ ಜಾಸ್ತಿ ಫಾಸ್ಟ್ ಆಗಿದೆ, ಅದೇ ತೊಂದರೆ.

ಅವನ ಕೋಲನ್ನೇ ನೋಡಿ. ಎತ್ತುತ್ತಾನೆ. ಎತ್ತಿ ಹಾಗೇ ಹಿಡಿದುಕೊಂಡು ನಿಲ್ಲುತ್ತಾನೆ. ಕೋಲು ಮೇಲೆ ಹೋಗಿದ್ದೇ ತಡ ನಾವು ಗಾಬರಿಯಾಗಿ ರೋಲ್ ಮಾಡುತ್ತೇವೆ, ಉರುಳಿ ಎದ್ದು ನಿಲ್ಲುತ್ತೇವೆ, ಆಗ ಬೀಳುತ್ತದೆ ನೋಡಿ ಏಟು, ಸರಿಯಾಗಿ ನೆತ್ತಿಯ ಮೇಲೆ. ನಾನು ಒಂದು ಭಾನುವಾರ ಪೂರ್ತಿ ಹೀಗೇ ಸತ್ತೆ. ಪಕ್ಕದಲ್ಲಿ ಮಂಡಕ್ಕಿ ತಿನ್ನುತ್ತಾ ಕೂತಿದ್ದ ತಂಗಿ, ಜೀವನದಲ್ಲಿ ಕಂಟ್ರೋಲರ್ ಮುಟ್ಟದವಳು, "ಅಣ್ಣ, ಅವನು ಇನ್ನೂ ಹೊಡೆದೇ ಇಲ್ಲ, ನೀನ್ಯಾಕೆ ಉರುಳಾಡ್ತಿದ್ದೀಯ?" ಅಂದಳು. ಮೈ ಉರಿಯಿತು. ಆದರೆ ಅವಳು ಹೇಳಿದ್ದೇ ಸರಿ. ಕೋಲು ಮೇಲಿರುವಷ್ಟು ಹೊತ್ತು ಸುಮ್ನೆ ನಿಲ್ಲಿ, ಕೆಳಗೆ ಬರುವಾಗ ರೋಲ್ ಬಟನ್ ಒತ್ತಿ, ಒಂದೇ ಸಲ ಒತ್ತಿ. ಹಿಂದಕ್ಕೆ ಓಡಬೇಡಿ, ಅವನ ಪಕ್ಕೆಯ ಕಡೆಗೇ ಉರುಳಿ.

ಇನ್ನು ಫ್ಲಾಸ್ಕ್, ಅಂದ್ರೆ ಕುಡಿದು ಹೆಲ್ತ್ ತುಂಬಿಸಿಕೊಳ್ಳುವ ಬಾಟಲಿ. ದೂರ ಓಡಿಹೋಗಿ ನೆಮ್ಮದಿಯಾಗಿ ಕುಡಿಯೋಣ ಅಂದುಕೊಳ್ಳುತ್ತೀರಿ, ಬಾಟಲಿ ಬಾಯಿಗೆ ಹೋಗುವಷ್ಟರಲ್ಲಿ ಬೆಳಕಿನ ಕಠಾರಿ ಬಂದು ಚುಚ್ಚುತ್ತದೆ. ಕುಡಿಯೋದನ್ನೇ ಕಾಯುತ್ತಿರುತ್ತಾನೆ, ಅಷ್ಟು ಖದೀಮ. ಅವನು ಒಂದು ದೊಡ್ಡ ಏಟು ಹೊಡೆದು ಮುಗಿಸಿ ಸುಧಾರಿಸಿಕೊಳ್ಳುವಾಗ ಕುಡಿಯಿರಿ.

ಈಗ ನನ್ನ ಜಗಳ ಬೇರೆಯವರ ಜೊತೆ. ಸ್ಪಿರಿಟ್, ಅಂದ್ರೆ ಜೊತೆಗೆ ಹೋರಾಡುವ ಆತ್ಮಗಳನ್ನು ಕರೆದರೆ ಅದು ಮೋಸ, ಒಬ್ಬನೇ ಗೆದ್ದರೆ ಮಾತ್ರ ಗೆಲುವು ಅನ್ನುವ ಒಂದು ಗುಂಪಿದೆ ಅಲ್ವಾ? ಚರ್ಚ್ ಆಫ್ ಎಲ್ಲೆಯಲ್ಲಿ ರಾತ್ರಿ ಕೂತಿರುವ ರೆನ್ನಾ ಅನ್ನುವವಳು ಸ್ಪಿರಿಟ್ ಕರೆಯುವ ಗಂಟೆಯನ್ನೂ ಮೂರು ತೋಳಗಳ ಸ್ಪಿರಿಟ್ಟನ್ನೂ ಕೈಗೆ ಕೊಡುತ್ತಾಳೆ. ಆಟ ಮಾಡಿದವರೇ ಕೊಟ್ಟಿದ್ದನ್ನು ಬಳಸಿದರೆ ಮೋಸ ಹೇಗಾಗುತ್ತದೆ? ಮಾರ್ಗಿಟ್ ತೋಳಗಳ ಕಡೆ ತಿರುಗಿದಾಗ ನಿಮಗೆ ಉಸಿರಾಡಲು ಜಾಗ ಸಿಗುತ್ತದೆ, ಅವನ ಕೋಲು ಹೇಗೆ ಬೀಸುತ್ತದೆ ಅಂತ ಪಕ್ಕದಿಂದ ನೋಡಿ ಕಲಿಯಲೂ ಆಗುತ್ತದೆ. ಮಾರ್ಗಿಟ್ ಇರುವ ಜಾಗಕ್ಕೆ ಹೋಗುವ ಮಂಜಿನ ಬಾಗಿಲ ಹೊರಗೆ ಮಾಂತ್ರಿಕ ರೋಜಿಯರ್‌ನನ್ನೂ ಸಹಾಯಕ್ಕೆ ಕರೆಯಬಹುದು, ಆದರೆ ಅವನು ಬಂದರೆ ಮಾರ್ಗಿಟ್‌ನ ಹೆಲ್ತ್ ಕೂಡ ಹೆಚ್ಚಾಗುತ್ತದೆ. ನನ್ನ ಓಟು ತೋಳಗಳಿಗೇ. ಪ್ಯಾಚಸ್ ಅನ್ನುವ ವ್ಯಾಪಾರಿ 5000 ರೂನ್ಸ್‌ಗೆ (ಆಟದೊಳಗಿನ ದುಡ್ಡು) ಮಾರುವ ಸಂಕೋಲೆಯೂ ಇದೆ, ಶುರುವಿನಲ್ಲಿ ಎರಡು ಸಲ ಮಾರ್ಗಿಟ್‌ನನ್ನು ನೆಲಕ್ಕೆ ಕಟ್ಟಿಹಾಕುತ್ತದೆ, ಆಮೇಲೆ ಕೆಲಸಕ್ಕೆ ಬರುವುದಿಲ್ಲ.

ಹತ್ತು ಸಲ ಸತ್ತರೂ ದಾರಿ ಕಾಣದಿದ್ದರೆ ವಾಪಸ್ ಹೋಗಿ. ನಾಚಿಕೆ ಯಾಕೆ? ದಕ್ಷಿಣಕ್ಕೆ ವೀಪಿಂಗ್ ಪೆನಿನ್ಸುಲಾ ಪೂರ್ತಿ ಬಿದ್ದಿದೆ, ಸುತ್ತಾಡಿ, ಹೆಲ್ತ್ ಹೆಚ್ಚಿಸುವ ವಿಗರ್ ಅನ್ನು 20ಕ್ಕೆ ಏರಿಸಿ, ಎಲ್ಲೆ ಚರ್ಚ್‌ನ ಅಡಿಗಲ್ಲಿನಲ್ಲಿ ಕತ್ತಿಯನ್ನು +3 ಮಾಡಿಕೊಂಡು ಬನ್ನಿ. ಮೈಮೇಲಿನ ಆಯುಧ, ಕವಚಗಳ ಭಾರ ನೀವು ಹೊರಬಲ್ಲ ಮಿತಿಯ 70 ಪರ್ಸೆಂಟ್ ದಾಟದಿರಲಿ. ದಾಟಿದರೆ ರೋಲ್ ಅಕ್ಕಿ ಮೂಟೆ ಉರುಳಿದ ಹಾಗಿರುತ್ತದೆ.

ಎರಡನೇ ಹಂತದಲ್ಲಿ ಬೆಳಕಿನ ಸುತ್ತಿಗೆ ಹಿಡಿದು ಹಾರುತ್ತಾನೆ, ಅಲ್ಲೂ ಅದೇ ಕಾಯುವ ಆಟ. ಒಂದು ಏಟು ಹೊಡಿ, ಸರಿದುಕೋ. ಎರಡನೇ ಏಟಿನ ಆಸೆ ಇದೆಯಲ್ಲ, ಅದು ನನ್ನನ್ನು ಸಾಯಿಸಿದಷ್ಟು ಮಾರ್ಗಿಟ್ ಕೂಡ ಸಾಯಿಸಿಲ್ಲ. ಆ ಭಾನುವಾರ ಕೊನೆಯ ಸಲ ಅವನ ಹೆಲ್ತ್ ಬಾರ್‌ನಲ್ಲಿ ಕೂದಲೆಳೆಯಷ್ಟು ಕೆಂಪು ಉಳಿದಿತ್ತು, ತಂಗಿ ತಿನ್ನುವುದನ್ನು ನಿಲ್ಲಿಸಿದ್ದಳು, ನಾನು ಸ್ಟಾಮಿನಾ ಕೂಡ ನೋಡದೆ ನುಗ್ಗಿದೆ. ಸತ್ತೆ. ಎರಡು ಫ್ಲಾಸ್ಕ್ ಹಾಗೇ ಉಳಿದಿದ್ದವು.