ಎರಡು ದಾರದ ಗಾಳಿಪಟ, ಬೇಕಲದ ಪಡುಗಾಳಿ

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ಕಾಸರಗೋಡಿನ ಕಡಲ ಬದಿಯಲ್ಲಿ ಗಾಳಿಗೂ ಒಂದು ಟೈಂಟೇಬಲ್ ಇದೆ. ಡಿಸೆಂಬರ್ ಬಂತೆಂದರೆ ಮೇ ತನಕ ಹೆಚ್ಚುಕಮ್ಮಿ ಒಂದೇ ಕ್ರಮ. ಬೆಳಿಗ್ಗೆ ಗುಡ್ಡದ ಕಡೆಯಿಂದ ಕಡಲಿಗೆ ತೆಳುವಾಗಿ ಬೀಸುತ್ತದೆ. ಹತ್ತು ಗಂಟೆಯ ಹೊತ್ತಿಗೆ ಅದು ನಿಂತು ಅಂಗಿ ಬೆನ್ನಿಗೆ ಅಂಟುತ್ತದೆ. ಆಮೇಲೆ ನೆಲ ಕಾಯುತ್ತದೆ, ನೆಲದ ಮೇಲಿನ ಬಿಸಿ ಗಾಳಿ ಮೇಲೇರುತ್ತದೆ, ಆ ಜಾಗಕ್ಕೆ ಕಡಲಿನ ಗಾಳಿ ನುಗ್ಗುತ್ತದೆ. ಮೊದಲು ಪಡುವಣದಿಂದ, ಹೊತ್ತು ಇಳಿದ ಹಾಗೆ ಸ್ವಲ್ಪ ವಾಯವ್ಯಕ್ಕೆ ವಾಲಿಕೊಂಡು. ದೋಣಿಯವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ನಾನು ಮಾತ್ರ ಇಲ್ಲೇ ಹುಟ್ಟಿ ಬೆಳೆದವನಾದರೂ ಇದನ್ನು ಸರಿಯಾಗಿ ಗಮನಿಸಿದ್ದು ಈಚೆಗೆ, ಹತ್ತು ಹನ್ನೆರಡು ವರ್ಷ ಅಟ್ಟದಲ್ಲಿ ಬಿದ್ದಿದ್ದ ಗಾಳಿಪಟವನ್ನು ಕೆಳಗಿಳಿಸಿದ ಮೇಲೆ.

ಗಾಳಿಪಟ ಅಂದರೆ ನಿಮಗೆ ನೆನಪಾಗುವುದು ಹಳೆ ಪೇಪರು, ಹಿಡಿಸೂಡಿ ಕಡ್ಡಿ, ಅಂಟಿಸಲಿಕ್ಕೆ ಅನ್ನದ ಅಗುಳು, ಹರಿದ ಬಟ್ಟೆಯ ಬಾಲಂಗೋಚಿ, ಅಲ್ವಾ? ನಾವೂ ಅದನ್ನೇ ಹಾರಿಸಿದವರು. ಆದರೆ ನಾನು ಹೇಳುತ್ತಿರುವುದು ಬೇರೆ ಜಾತಿ. ಸ್ಪೋರ್ಟ್ ಕೈಟ್ ಅನ್ನುತ್ತಾರೆ, ಕೆಲವರು ಸ್ಟಂಟ್ ಕೈಟ್ ಅನ್ನುತ್ತಾರೆ. ಬಾಲ ಇಲ್ಲ. ಚಾಚಿದ ರೆಕ್ಕೆಯ ಹಾಗೆ ತ್ರಿಕೋನ ಆಕಾರ, ನನ್ನದು ಈ ತುದಿಯಿಂದ ಆ ತುದಿಗೆ ಎರಡು ಮೀಟರಿಗಿಂತ ಜಾಸ್ತಿ. ಬಟ್ಟೆ ರಿಪ್‌ಸ್ಟಾಪ್, ಅಂದರೆ ಚೌಕ ಚೌಕವಾಗಿ ಗಟ್ಟಿ ನೂಲು ಸೇರಿಸಿ ನೇಯ್ದದ್ದು, ಒಂದು ಕಡೆ ತೂತಾದರೂ ಉದ್ದಕ್ಕೆ ಹರಿಯುವುದಿಲ್ಲ. ಕಡ್ಡಿಗಳು ಕಾರ್ಬನ್ ಫೈಬರ್. ದಾರ ಎರಡು, ಎರಡು ಕೈಗೆ ಎರಡು ಹಿಡಿ. ಬಲ ಎಳೆದರೆ ಬಲಕ್ಕೆ, ಎಡ ಎಳೆದರೆ ಎಡಕ್ಕೆ, ಎರಡೂ ಸಮ ಹಿಡಿದರೆ ಮೂಗು ಇದ್ದ ಕಡೆಗೆ ನೇರ ಓಟ. ಆ ಮೂಗು ನೆಲದ ಕಡೆಗಿದ್ದರೆ ನೆಲಕ್ಕೇ ಓಟ! ಮಾಮೂಲಿ ಗಾಳಿಪಟವನ್ನು ಮೇಲೆ ಬಿಟ್ಟು ಕೂತುಕೊಂಡು ಚಹಾ ಕುಡಿಯಬಹುದು, ಇದರಲ್ಲಿ ಆ ಸುಖ ಇಲ್ಲ, ಗಾಳಿಯಲ್ಲಿ ಇದ್ದಷ್ಟು ಹೊತ್ತೂ ಕೈ ಕೆಲಸ ಮಾಡುತ್ತಲೇ ಇರಬೇಕು.

ಇದರ ಚರಿತ್ರೆ ಸ್ವಲ್ಪ ತಮಾಷೆಯದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ನೌಕಾಪಡೆಯಲ್ಲಿದ್ದ ಪಾಲ್ ಗಾರ್ಬರ್ ಒಂದು ಗಾಳಿಪಟಕ್ಕೆ ಚುಕ್ಕಾಣಿ ಕಟ್ಟಿ ಎರಡು ದಾರದಿಂದ ತಿರುಗಿಸಿದರು. ಮೇಲೆ ಶತ್ರು ವಿಮಾನದ ಚಿತ್ರ ಬರೆದಿತ್ತು, ಹಡಗಿನ ಸೈನಿಕರು ಅದಕ್ಕೆ ಗುರಿಯಿಟ್ಟು ಗುಂಡು ಹೊಡೆದು ಅಭ್ಯಾಸ ಮಾಡುತ್ತಿದ್ದರು. 1972ರಲ್ಲಿ ಇಂಗ್ಲೆಂಡಿನ ಪೀಟರ್ ಪೊವೆಲ್ ಎರಡು ದಾರದ ಗಾಳಿಪಟವನ್ನು ಆಟದ ಸಾಮಾನಾಗಿ ಮಾಡಿದರು. ಅದು ವಜ್ರದ ಆಕಾರದ್ದು, ಹಿಂದೆ ಉದ್ದನೆಯ ಕೊಳವೆಯಂಥ ಬಾಲ. ಈಗಿನ ತ್ರಿಕೋನದವು ಆಮೇಲೆ ಬಂದವು. ನಾಲ್ಕು ದಾರದ್ದೂ ಇದೆ, ಅದು ಹಿಂದಕ್ಕೂ ಹಾರುತ್ತದೆ, ಗಾಳಿಯಲ್ಲಿ ನಿಂತೂ ನಿಲ್ಲುತ್ತದೆ. ನನಗೆ ಎರಡೇ ಸಾಕು.

ಇದು ನನ್ನ ಕೈಗೆ ಬಂದದ್ದು ದುಬೈಯಲ್ಲಿ. ನಮ್ಮೂರಿನ ಎಷ್ಟೋ ಮನೆಗಳ ಹಾಗೆ ನಮ್ಮದೂ ಗಲ್ಫಿನ ಕಥೆ, ಅದನ್ನು ಬಿಡೋಣ. ಶುಕ್ರವಾರ ರಜೆ, ಕಡಲ ಬದಿ ಹತ್ತಿರ, ರೂಮಿನಲ್ಲಿ ಕೂತರೆ ಊರಿನ ಚಿಂತೆ. ಹಾಗೆ ಶುರುವಾದದ್ದು. ಊರಿಗೆ ವಾಪಸು ಬಂದ ಮೇಲೆ ಮನೆ ಕಟ್ಟುವುದು, ತೋಟ, ಮಕ್ಕಳ ಶಾಲೆ. ಗಾಳಿಪಟ ಚೀಲದ ಸಮೇತ ಅಟ್ಟ ಸೇರಿತು.

ಇಳಿಸಿ ಬಿಚ್ಚಿದಾಗ ಯಾವುದು ಉಳಿದಿದೆ, ಯಾವುದು ಹೋಗಿದೆ ಎಂದು ನೋಡುವುದೇ ಒಂದು ಪಾಠ ಆಯಿತು. ನಮ್ಮ ಮಳೆಗಾಲದ ತೇವಕ್ಕೆ ಬಟ್ಟೆಯಲ್ಲಿ ಬೂಷ್ಟಿನ ಚುಕ್ಕೆ ಬಿದ್ದಿತ್ತು, ಆದರೆ ಬಟ್ಟೆ ಗಟ್ಟಿ. ಕಾರ್ಬನ್ ಕಡ್ಡಿಗೆ ಏನೂ ಆಗಿರಲಿಲ್ಲ. ಹೋದದ್ದೆಲ್ಲ ರಬ್ಬರು ಮತ್ತು ಎಲಾಸ್ಟಿಕ್. ಅಡ್ಡ ಕಡ್ಡಿಗಳು ನಡು ಕಡ್ಡಿಗೆ ಸೇರುವಲ್ಲಿ ಒಂದು ರಬ್ಬರಿನ ತುಂಡು ಇರುತ್ತದೆ, ಅದು ಬಿರುಕು ಬಿಟ್ಟಿತ್ತು. ಹೊಸತು ತರಿಸಬಹುದು, ಆದರೆ ನಾಳೆಯೇ ಹಾರಿಸಬೇಕು ಅನ್ನುವ ಆತುರ ಇದೆಯಲ್ಲ! ಅಡಿಕೆಗೆ ಮದ್ದು ಬಿಡುವ ಪೈಪಿನ ಹಳೆ ತುಂಡನ್ನು ಕತ್ತರಿಸಿ ತೂತು ಕೊರೆದು ಹಾಕಿದೆ. ಇವತ್ತಿಗೂ ಅದೇ ಇದೆ. ಕಂಪನಿಯದ್ದಕ್ಕಿಂತ ಗಟ್ಟಿ ಎಂದೇ ನನ್ನ ಅಭಿಪ್ರಾಯ. ಸಡಿಲಾದ ಎಲಾಸ್ಟಿಕ್ ಬಳ್ಳಿಗೆ ಟೈಲರ್ ಅಂಗಡಿ ಸಾಕಾಯಿತು.

ದಾರದ ವಿಷಯ ಸ್ವಲ್ಪ ಹೇಳಬೇಕು. ಇದು ಮಾಂಜಾ ಅಲ್ಲ. ಗಾಜಿನ ಪುಡಿ ಹಚ್ಚಿದ ನೈಲಾನ್ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲಿ ದೇಶದಲ್ಲೆಲ್ಲ ನಿಷೇಧಿಸಿದೆ, ಸರಿಯಾಗಿಯೇ ಮಾಡಿದೆ. ಸ್ಪೋರ್ಟ್ ಕೈಟಿಗೆ ಬೇಕಾದದ್ದು ಡೈನೀಮಾ ಅಥವಾ ಸ್ಪೆಕ್ಟ್ರಾ ಎಂಬ ದಾರ. ಎಳೆದರೆ ಹಿಗ್ಗುವುದಿಲ್ಲ, ಹಾಗಾಗಿ ಕೈ ಒಂದಿಂಚು ಅಲ್ಲಾಡಿದರೂ ಅಷ್ಟು ದೂರದಲ್ಲಿರುವ ಗಾಳಿಪಟಕ್ಕೆ ಆ ಕ್ಷಣವೇ ತಿಳಿಯುತ್ತದೆ. ಮತ್ತೆ ಅದು ತುಂಬ ನುಣುಪು. ಗಾಳಿಪಟ ಸುತ್ತು ಹೊಡೆದು ಎರಡು ದಾರ ಒಂದಕ್ಕೊಂದು ನಾಲ್ಕೈದು ಸಲ ಹೆಣೆದುಕೊಂಡರೂ ಆಡಿಸಬಹುದು. ಶತ್ರು ಎಂದರೆ ಬಿಸಿ. 150 ಡಿಗ್ರಿ ಸೆಲ್ಸಿಯಸ್‌ನ ಹತ್ತಿರವೇ ಕರಗುವ ದಾರ ಇದು, ಪಕ್ಕದವರ ದಾರ ಅಡ್ಡ ಬಂದು ಒಂದೇ ಕಡೆ ಉಜ್ಜಿದರೆ ಕ್ಷಣದಲ್ಲಿ ತುಂಡು. ಗಾಜು ಇಲ್ಲ ಎಂದು ಹಗುರ ಮಾಡಬೇಡಿ, ಬಿಗಿಯಾದ ದಾರ ಕುತ್ತಿಗೆಗೆ ಸಿಕ್ಕಿದರೆ ಇದೂ ಕೊಯ್ಯುತ್ತದೆ. ಮಕ್ಕಳು ಓಡಾಡುವ ಕಡೆ ನಾನು ಬಿಡುವುದೇ ಇಲ್ಲ.

ಇನ್ನು ಜಾಗ. ನಮ್ಮ ಪಡುಗಾಳಿಗೆ ಕಡಲಿಗೆ ಬೆನ್ನು ಹಾಕಿ ನಿಲ್ಲಬೇಕು, ಗಾಳಿಪಟ ನೆಲದ ಕಡೆಗೆ ಹಾರುತ್ತದೆ. ದಾರವೇ 25-30 ಮೀಟರ್. ಕಿರಿದಾದ ಕಡಲತೀರವಾದರೆ ಅದು ಹೋಗಿ ಕೂರುವುದು ತೆಂಗಿನ ಮರದ ಮೇಲೆ. ಕೆಲವು ಕಡೆ ರೈಲು ಹಳಿಯೂ ಹತ್ತಿರ, ಅದರ ಮೇಲಿನ ತಂತಿಯಲ್ಲಿ 25,000 ವೋಲ್ಟ್. ಅದಕ್ಕೇ ಬೇಕಲದ ಹತ್ತಿರದ ಪಳ್ಳಿಕೆರೆ ತೀರ ನನಗೆ ಇಷ್ಟ, ಮರಳು ಅಗಲಕ್ಕಿದೆ. ಕೋಟೆಯ ತೆಂಕು ಬದಿ ನೋಡಲು ಚಂದ, ಹಾರಿಸಲು ಕಷ್ಟ. ವಾಯವ್ಯದ ಗಾಳಿ ಕೋಟೆಯ ಗುಡ್ಡ ದಾಟಿ ಬರುವಾಗ ಸುಳಿ ಸುಳಿಯಾಗುತ್ತದೆ. ಬೆಳಗ್ಗಿನ ಗಾಳಿಯ ತೊಂದರೆಯೂ ಅದೇ, ಅದು ತೋಟದ ಮೇಲಿಂದ ಬರುತ್ತದೆ. ಮರದ ಎತ್ತರದ ಏಳೆಂಟು ಪಟ್ಟು ದೂರದ ತನಕ ಗಾಳಿ ಕೆಟ್ಟಿರುತ್ತದೆ ಎಂಬುದು ಗಾಳಿಪಟದವರ ಲೆಕ್ಕ. ಆದರೆ ಒಂದು ಅನುಕೂಲ ನೋಡಿ. ಸಂಜೆ ಮುಖ ಮೂಡಣಕ್ಕೆ, ಸೂರ್ಯ ಪಡುವಣದಲ್ಲಿ. ಬೆಳಿಗ್ಗೆಯಾದರೆ ಮುಖ ಕಡಲಿಗೆ, ಸೂರ್ಯ ಗುಡ್ಡದ ಕಡೆ. ಎರಡು ಹೊತ್ತೂ ಬಿಸಿಲು ಬೆನ್ನಿಗೇ ಬೀಳುತ್ತದೆ, ಕಣ್ಣು ಕುಕ್ಕುವುದಿಲ್ಲ. ಬೇರೆಲ್ಲಾದರೂ ಈ ಸೌಕರ್ಯಕ್ಕೆ ದುಡ್ಡು ಕೇಳುತ್ತಿದ್ದರು.

ದುಬೈಯಲ್ಲಿದ್ದಾಗ ನನಗೆ ಜೋರು ಗಾಳಿ ಬೇಕಿತ್ತು. ಎಳೆತಕ್ಕೆ ಹಿಮ್ಮಡಿ ಮರಳಿಗೆ ಹೂತುಹೋಗಬೇಕು, ಪಟ ಸುಂಯ್ ಎಂದು ಸದ್ದು ಮಾಡಬೇಕು. ಈಗ ನಾನು ಕಾಯುವುದು ಸಣ್ಣ ಗಾಳಿಗೆ, ಗಂಟೆಗೆ 10 ಕಿಲೋಮೀಟರ್ ಆಸುಪಾಸು ಇದ್ದರೆ ಸಾಕು. ಮಂಡಿಯ ಕಾರಣವೂ ಇರಬಹುದು, ಅದು ಬೇರೆ ಮಾತು. ಸಣ್ಣ ಗಾಳಿಯಲ್ಲಿ ಸೂತ್ರದ ಗಂಟನ್ನು ಮೂಗಿನ ಕಡೆಗೆ ಒಂದು ಚೂರು ಸರಿಸಿದರೆ ಪಟ ಏಳುತ್ತದೆ. ಎದ್ದ ಮೇಲೆ ಎಳೆಯುವುದಕ್ಕಿಂತ ಸಡಿಲ ಬಿಡುವುದೇ ಮುಖ್ಯ ಕೆಲಸ. ಆಕ್ಸೆಲ್ ಎಂಬ ಒಂದು ಪಟ್ಟು ಇದೆ. ಹಾರುವ ಪಟವನ್ನು ನಿಲ್ಲಿಸಿ, ಒಂದು ಕೈಯಿಂದ ಚಿಟಿಕೆಯಷ್ಟು ಜಗ್ಗಿ, ತಕ್ಷಣ ಎರಡೂ ದಾರ ಬಿಟ್ಟುಕೊಟ್ಟರೆ ಅದು ಹೊಟ್ಟೆ ಕೆಳಗೆ ಮಾಡಿ ಗರ್ರನೆ ಒಂದು ಸುತ್ತು ಹೊಡೆಯುತ್ತದೆ. ಜಗ್ಗಿದ ಕೈ ಬಿಡದಿದ್ದರೆ ಏನೂ ಆಗುವುದಿಲ್ಲ. ಜೋರು ಗಾಳಿಯಲ್ಲಿ ಇದಕ್ಕೆಲ್ಲ ವ್ಯವಧಾನವೇ ಸಿಗುತ್ತಿರಲಿಲ್ಲ. ಹಳೆಯ ಹವ್ಯಾಸವೇ, ಆದರೆ ನಾನು ಈಗ ಆಡುತ್ತಿರುವ ಆಟ ಅದಲ್ಲ.

ನೋಡುವವರು ಇದ್ದೇ ಇರುತ್ತಾರೆ. ಮಲಯಾಳದಲ್ಲಿ ಒಬ್ಬರು, ತುಳುವಿನಲ್ಲಿ ಒಬ್ಬರು, ಕನ್ನಡದಲ್ಲಿ ಒಬ್ಬರು ಕೇಳಿದರೂ ಪ್ರಶ್ನೆ ಒಂದೇ, "ಇದರಲ್ಲಿ ಕ್ಯಾಮೆರಾ ಇದೆಯಾ?" ಇಲ್ಲ ಎಂದರೆ ಅರ್ಧ ಜನ ಹೊರಟು ಹೋಗುತ್ತಾರೆ. ಉಳಿದವರ ಕೈಗೆ ಒಮ್ಮೆ ಹಿಡಿ ಕೊಟ್ಟು ನೋಡುತ್ತೇನೆ. ದೊಡ್ಡವರು ಸ್ಟೇರಿಂಗ್ ತಿರುಗಿಸುವ ಹಾಗೆ ಕೈ ಮೇಲೆ ಕೆಳಗೆ ಮಾಡಿ ನೆಲಕ್ಕೆ ಕುಟ್ಟಿಸುತ್ತಾರೆ, ಹೈಸ್ಕೂಲ್ ಮಕ್ಕಳು ಬೇಗ ಹಿಡಿಯುತ್ತಾರೆ. ಅಣ್ಣನ ಮಗಳು ಎರಡೇ ವಾರದಲ್ಲಿ ರೆಕ್ಕೆಯ ತುದಿ ಮರಳಿಗೆ ಸೋಕಿಸಿ ನಿಲ್ಲಿಸುವುದನ್ನು ಕಲಿತಳು. "ಚಿಕ್ಕಪ್ಪ, ನಿಮಗೆ ಇದು ಯಾಕೆ ಬರುವುದಿಲ್ಲ?" ಎಂದು ಕೇಳುತ್ತಾಳೆ.

ಜೂನಿನಲ್ಲಿ ಮಳೆ ಹಿಡಿದರೆ ಮತ್ತೆ ಕೆಲವು ತಿಂಗಳು ಅಟ್ಟವೇ ಗತಿ, ಈ ಸಲ ಉಪ್ಪು ಮರಳು ತೊಳೆದು, ಚೆನ್ನಾಗಿ ಒಣಗಿಸಿಯೇ ಇಡುತ್ತೇನೆ. ಅಷ್ಟರೊಳಗೆ ಎಡಗೈಯ ಆಕ್ಸೆಲ್ ಸರಿ ಮಾಡಿಕೊಳ್ಳಬೇಕು. ಬಲಗೈಯದ್ದು ಬರುತ್ತದೆ, ಎಡದ್ದು ಇನ್ನೂ ಅರ್ಧ ಸುತ್ತಿಗೇ ನಿಲ್ಲುತ್ತಿದೆ. ನಮಸ್ಕಾರ.